ಎರಡು ರಾಟೆ, ಒಂದೇ ಬಾವಿ

2025ರ ಅಕ್ಟೋಬರ್ 20, ನರಕ ಚತುರ್ದಶಿ. ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 12 ಗಂಟೆ 18 ನಿಮಿಷ. ಎಣ್ಣೆಸ್ನಾನ ಮುಗಿಸಿ ಹಬ್ಬದೂಟಕ್ಕೆ ಕೂರುವ ಹೊತ್ತಿನಲ್ಲಿ, ಅಮೆರಿಕದ ಉತ್ತರ ವರ್ಜೀನಿಯಾದಲ್ಲಿರುವ ಅಮೆಜಾನ್ ಡೇಟಾ ಸೆಂಟರುಗಳ ಒಂದು ಹೆಸರಿಗಿದ್ದ ವಿಳಾಸಗಳೆಲ್ಲ ಅಳಿಸಿಹೋದವು. ಯಂತ್ರ ಕೆಟ್ಟಿರಲಿಲ್ಲ, ತಂತಿ ಕಡಿದಿರಲಿಲ್ಲ, ಯಾರೂ ದಾಳಿ ಮಾಡಿರಲಿಲ್ಲ. ಡೈನಮೋಡಿಬಿ ಎಂಬ ಡೇಟಾಬೇಸ್ ಸೇವೆ ಎಲ್ಲಿದೆ ಎಂದು ಕೇಳಿದವರಿಗೆ, ಹೆಸರಿಗೆ ವಿಳಾಸ ಹೇಳುವ ವ್ಯವಸ್ಥೆಯಾದ ಡಿಎನ್‌ಎಸ್ ಬರಿಗೈ ತೋರಿಸಿತು, ಅಷ್ಟೆ. ಅದನ್ನೇ ನೆಚ್ಚಿಕೊಂಡಿದ್ದ ಸ್ನ್ಯಾಪ್‌ಚಾಟ್, ಸಿಗ್ನಲ್, ಕ್ಯಾನ್ವಾ ಮುಗ್ಗರಿಸಿದವು. ವಿಳಾಸ ಮರಳಲು ಎರಡೂವರೆ ಗಂಟೆಗೂ ಹೆಚ್ಚು ಹಿಡಿಯಿತು. ಬೆನ್ನಿಗೆ ಬಂದ ತೊಡಕುಗಳೆಲ್ಲ ಬಗೆಹರಿಯುವಾಗ ನಮ್ಮಲ್ಲಿ ಮರುದಿನದ ನಸುಕು.

ಆಮೇಲೆ ಅಮೆಜಾನ್ ಕೊಟ್ಟ ವಿವರಣೆಯಲ್ಲಿ ತಪ್ಪು ಮಾಡಿದ ಮನುಷ್ಯನ ಸುಳಿವೇ ಇಲ್ಲ. ಅಲ್ಲಿ ಎರಡು ಬಗೆಯ ತಂತ್ರಾಂಶಗಳು ಜೊತೆಯಾಗಿ ದುಡಿಯುತ್ತವೆ. ಒಂದು, ಯಾವ ಹೆಸರಿಗೆ ಯಾವ ವಿಳಾಸ ಎಂಬ ಯೋಜನೆ ಹಾಕುವುದು. ಇನ್ನೊಂದು, ಆ ಯೋಜನೆಯನ್ನು ಡಿಎನ್‌ಎಸ್‌ನಲ್ಲಿ ಜಾರಿಗೆ ತರುವುದು. ಜಾರಿ ಮಾಡುವವು ಮೂರು, ಒಂದಕ್ಕೊಂದು ಸಂಬಂಧವಿಲ್ಲದಂತೆ ಮೂರು ಕಡೆ ಕೆಲಸ ಮಾಡುತ್ತವೆ. ಅಂದು ಅವುಗಳಲ್ಲೊಂದು ಯಾಕೋ ನಿಧಾನವಾಯಿತು. ಕೈಯಲ್ಲಿ ಹಳೇ ಯೋಜನೆ ಹಿಡಿದು ಅದು ತೆವಳುತ್ತಿರುವಾಗ ಇನ್ನೊಂದು ಹೊಸ ಯೋಜನೆಯನ್ನು ಜಾರಿಮಾಡಿ ಮುಗಿಸಿತು, ಮುಗಿಸಿ ಹಳೆಯ ಕಸ ಗುಡಿಸಲು ಹೊರಟಿತು. ಅಷ್ಟರಲ್ಲಿ ಮೊದಲನೆಯದು ಬಂದು ಹೊಸದರ ಮೇಲೆ ತನ್ನ ಹಳತನ್ನು ಬರೆಯಿತು. ಗುಡಿಸುತ್ತಿದ್ದದ್ದು ‘ಇದು ಹಳತು’ ಎಂದು ಅದನ್ನೂ ಗುಡಿಸಿತು. ಉಳಿದದ್ದು ಸೊನ್ನೆ. ಆ ಸೊನ್ನೆಯನ್ನು ತಿದ್ದಿಕೊಳ್ಳಲು ಯಂತ್ರಗಳಿಗೇ ಆಗಲಿಲ್ಲ. ಕೊನೆಗೆ ಮನುಷ್ಯರು ಕೈಯಿಂದ ಸರಿಪಡಿಸಬೇಕಾಯಿತು. ಅದಾದ ಮೇಲೆ ಕಂಪನಿ ಆ ಸ್ವಯಂಚಾಲಿತ ವ್ಯವಸ್ಥೆಯನ್ನು ಜಗತ್ತಿನಾದ್ಯಂತ ನಿಲ್ಲಿಸಿತು.

ಇದನ್ನು ದೊಡ್ಡವರ ಮನೆಯ ಕಥೆ ಎಂದು ಓದಿ ಮರೆಯಬಹುದು. ನನಗೆ ಹಾಗೆ ಕಾಣುತ್ತಿಲ್ಲ. ಹೆಸರಿನ ದಾಖಲೆಗಳನ್ನು ಪಠ್ಯ ಫೈಲಿನಲ್ಲಿ ಇಡುವುದೋ ಡೇಟಾಬೇಸಿನಲ್ಲಿ ಇಡುವುದೋ ಎಂಬ ಸರ್ವರ್ ನೋಡಿಕೊಳ್ಳುವವರ ಹಳೇ ಜಗಳ ಈಗ ಬಳಕೆದಾರರ ಮನೆಬಾಗಿಲಿಗೆ ಬಂದಿದೆ. ಮುಂದಿನ ಮೂರು ವರ್ಷಗಳಲ್ಲಿ ಇದೇ ಜಾತಿಯ ಅನಾಹುತ ಸಣ್ಣ ಹೋಸ್ಟಿಂಗ್ ಸಂಸ್ಥೆಗಳಲ್ಲಿ, ಕಾಲೇಜುಗಳಲ್ಲಿ, ಸಹಕಾರಿ ಬ್ಯಾಂಕುಗಳಲ್ಲಿ ಹೆಚ್ಚುತ್ತದೆ ಎನ್ನಲು ಕಾರಣಗಳಿವೆ. ಒಂದು ಕಾರಣಕ್ಕಂತೂ ತಾರೀಖೇ ಗೊತ್ತಾಗಿದೆ.

ಮೊದಲು ಹಳೆಯದು. ಇಂಟರ್‌ನೆಟ್ಟಿನ ಪೂರ್ವಜ ಅರ್ಪಾನೆಟ್‌ನಲ್ಲಿ ಎಲ್ಲ ಕಂಪ್ಯೂಟರುಗಳ ಹೆಸರು–ವಿಳಾಸ ಒಂದೇ ಪಠ್ಯ ಫೈಲಿನಲ್ಲಿತ್ತು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಎಲಿಜಬೆತ್ ಫೈನ್‌ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು, ಬೇಕಾದವರು ಇಳಿಸಿಕೊಳ್ಳುತ್ತಿದ್ದರು. ಜಾಲ ಬೆಳೆದಂತೆ ಆ ಪಟ್ಟಿ ಭಾರವಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಪಟ್ಟಿಯನ್ನು ಒಡೆದು ಅವರವರ ಹೆಸರಿನ ಹೊಣೆ ಅವರವರಿಗೇ ಹಂಚುವ ಡಿಎನ್‌ಎಸ್ ರೂಪಿಸಿದರು. 1987ರ ಆರ್‌ಎಫ್‌ಸಿ 1035 ಎಂಬ ಮಾನಕ ದಾಖಲೆ ಹಾಗೆ ಹಂಚಿದ ಒಂದು ಭಾಗದ ಪಟ್ಟಿ, ಅಂದರೆ ಝೋನ್ ಫೈಲ್, ಹೇಗಿರಬೇಕು ಎಂದು ಬರೆದಿಟ್ಟಿತು. ಅದೇ ಬರವಣಿಗೆ ಇವತ್ತಿಗೂ ಚಾಲ್ತಿಯಲ್ಲಿದೆ. ಇಡೀ ಇಂಟರ್‌ನೆಟ್ಟಿನ ಬೇರಾದ ರೂಟ್ ಝೋನ್ ಕೆಲವೇ ಎಂಬಿ ತೂಗುವ ಪಠ್ಯ ಫೈಲು; ನೀವೂ ಇಳಿಸಿಕೊಂಡು ಓದಬಹುದು. ನಮ್ಮ ‘.ಭಾರತ’ ಕೂಡ ಅದರಲ್ಲಿದೆ, ಆದರೆ ಕನ್ನಡ ಲಿಪಿಯಲ್ಲಲ್ಲ. ‘ಎಕ್ಸ್‌ಎನ್--2ಎಸ್‌ಸಿಆರ್‌ಜೆ9ಸಿ’ ಎಂಬ ರೋಮನ್ ವೇಷದಲ್ಲಿ ಅದು ಕೂತಿದೆ.

ಝೋನ್ ಫೈಲಿನ ಗುಣ–ದೋಷ ಎರಡೂ ಒಂದು ಚುಕ್ಕೆಯಲ್ಲಿವೆ. ‘ಉದಾಹರಣೆ.ಭಾರತ’ ಎಂಬ ಝೋನಿನೊಳಗೆ ‘ಮೇಲ್.ಉದಾಹರಣೆ.ಭಾರತ.’ ಎಂದು ಬರೆದರೆ ಕೊನೆಯ ಚುಕ್ಕೆ ‘ಹೆಸರು ಇಲ್ಲಿಗೆ ಮುಗಿಯಿತು’ ಎನ್ನುತ್ತದೆ. ಚುಕ್ಕೆ ಮರೆತಿರೋ, ಸರ್ವರ್ ತನ್ನ ಬಾಲವನ್ನು ತಾನೇ ಅಂಟಿಸಿ ಅದನ್ನು ‘ಮೇಲ್.ಉದಾಹರಣೆ.ಭಾರತ.ಉದಾಹರಣೆ.ಭಾರತ.’ ಎಂದು ಓದಿಕೊಳ್ಳುತ್ತದೆ. ಈ ಕೆಲಸಕ್ಕೆ ಬಂದ ಹೊಸಬರೆಲ್ಲ ಒಮ್ಮೆಯಾದರೂ ಈ ಚುಕ್ಕೆಗೆ ತಲೆ ಚಚ್ಚಿಕೊಂಡಿರುತ್ತಾರೆ. ಹೊಸಬರೇ ಆಗಬೇಕೆಂದಿಲ್ಲ. 2009ರ ಅಕ್ಟೋಬರ್ 12ರ ರಾತ್ರಿ ಸ್ವೀಡನ್ನಿನ ‘.ಎಸ್‌ಇ’ ನೋಂದಣಿ ಸಂಸ್ಥೆಯ ಹೊಸ ಸ್ಕ್ರಿಪ್ಟ್ ಇದೇ ಚುಕ್ಕೆಯನ್ನು ಬಿಟ್ಟು ಝೋನ್ ತಯಾರಿಸಿತು. ಸುಮಾರು 9 ಲಕ್ಷ ಹೆಸರುಗಳು ದಿಕ್ಕು ತಪ್ಪಿದವು. ತಪ್ಪು ತಿದ್ದಲು ಒಂದು ಗಂಟೆ ಸಾಕಾಯಿತು. ಆದರೆ ತಪ್ಪು ಉತ್ತರ ಅಷ್ಟರಲ್ಲಿ ಇಂಟರ್‌ನೆಟ್ ಕಂಪನಿಗಳ ತಾತ್ಕಾಲಿಕ ನೆನಪಾದ ಕ್ಯಾಶ್‌ಗಳಲ್ಲಿ ಮನೆಮಾಡಿತ್ತು.

ಹಾಗಾದರೆ ಪಠ್ಯ ಫೈಲೇ ಅಪಾಯ ಅಲ್ಲವೇ? ಇಲ್ಲೊಂದು ಸಂಗತಿ ಗಮನಿಸಬೇಕು. ಆ ಫೈಲನ್ನು ಬರೆದದ್ದು ಮನುಷ್ಯನ ಕೈ ಅಲ್ಲ, ಸ್ಕ್ರಿಪ್ಟು. ದಾಖಲೆ ಒಂದು ಕಡೆ, ಅದರಿಂದ ಹುಟ್ಟುವ ಫೈಲು ಇನ್ನೊಂದು ಕಡೆ. ಅನಾಹುತ ಆದದ್ದು ನಡುವಿನ ಹೊಸ್ತಿಲಲ್ಲಿ. ಈ ಹೊಸ್ತಿಲಿನ ಅತಿ ಪ್ರಸಿದ್ಧ ಕಥೆ 1997ರ ಜುಲೈನದು. ‘.ಕಾಮ್’, ‘.ನೆಟ್’ ಹೆಸರುಗಳನ್ನು ಆಗ ನೋಡಿಕೊಳ್ಳುತ್ತಿದ್ದದ್ದು ವರ್ಜೀನಿಯಾದ ಹರ್ನ್‌ಡನ್‌ನ ನೆಟ್‌ವರ್ಕ್ ಸಲ್ಯೂಷನ್ಸ್. ದಾಖಲೆಗಳೆಲ್ಲ ಇಂಗ್ರೆಸ್ ಎಂಬ ಡೇಟಾಬೇಸಿನಲ್ಲಿ. ರಾತ್ರಿ ಅದರಿಂದ ಝೋನ್ ಫೈಲ್ ಹೊರತೆಗೆಯುವಾಗ ಡೇಟಾಬೇಸ್ ಕೈಕೊಟ್ಟಿತು, ಫೈಲುಗಳು ಕೆಟ್ಟು ಹುಟ್ಟಿದವು. ತಪಾಸಣೆಯ ತಂತ್ರಾಂಶ ಎಚ್ಚರಿಕೆ ಕೊಟ್ಟಿತು. ಜುಲೈ 17ರ ಬೆಳಗಿನ ಜಾವ ಎರಡೂವರೆಗೆ ಪಾಳಿಯಲ್ಲಿದ್ದ ನಿರ್ವಾಹಕ ಎಚ್ಚರಿಕೆಯನ್ನು ಬದಿಗಿಟ್ಟು ಫೈಲನ್ನು ಬಿಡುಗಡೆ ಮಾಡಿದ. ಆರೂವರೆಗೆ ಸರಿಯಾದ ಫೈಲು ಬರುವವರೆಗೆ ಆ ಹೆಸರುಗಳ ಗತಿ ಡೋಲಾಯಮಾನ.

ಅಂದು ಕನಿಷ್ಠ ಎಚ್ಚರಿಕೆ ಕೊಡುವ ಒಂದು ಹೊಸ್ತಿಲಾದರೂ ಇತ್ತು. ಈಗ ನಾವು ಆ ಹೊಸ್ತಿಲನ್ನೇ ಕಿತ್ತುಹಾಕುತ್ತಿದ್ದೇವೆ. ನಾನು ಹೇಳಹೊರಟಿರುವುದು ಇಷ್ಟೇ.

ಬೈಂಡ್, ಎನ್‌ಎಸ್‌ಡಿ, ನಾಟ್‌ನಂಥ ಸರ್ವರ್‌ಗಳು ಫೈಲನ್ನು ಒಮ್ಮೆ ಓದಿ, ವ್ಯಾಕರಣ ಸರಿಯಿದ್ದರೆ ಮಾತ್ರ ಒಪ್ಪಿ, ಮೆಮೊರಿಗೆ ಹಾಕಿಕೊಳ್ಳುತ್ತವೆ. ಆಮೇಲಿನ ಉತ್ತರವೆಲ್ಲ ಮೆಮೊರಿಯಿಂದಲೇ. ಡಿಸ್ಕ್ ಸತ್ತರೂ ಸರ್ವರ್ ಮಾತಾಡುತ್ತಿರುತ್ತದೆ. ಎರಡನೇ ಸರ್ವರ್ ಮೊದಲನೆಯದರಿಂದ ಝೋನನ್ನು ನಕಲು ಮಾಡಿಕೊಳ್ಳುತ್ತದೆ, ಅದೂ ಸೀರಿಯಲ್ ನಂಬರ್ ಏರಿದ್ದರೆ ಮಾತ್ರ. ಮೊದಲನೆಯದು ಸುಟ್ಟುಹೋಯಿತು ಅಂದುಕೊಳ್ಳಿ; ಎರಡನೆಯದು ‘ಎಕ್ಸ್‌ಪೈರ್’ ಅವಧಿ ಮುಗಿಯುವವರೆಗೆ ತನ್ನಲ್ಲಿರುವುದನ್ನೇ ಹೇಳುತ್ತದೆ. 1996ರ ಆರ್‌ಎಫ್‌ಸಿ 1912 ಈ ಅವಧಿ 2ರಿಂದ 4 ವಾರ ಇರಲಿ ಎಂದು ಸಲಹೆ ಕೊಟ್ಟಿತ್ತು. ಅಂಗಡಿ ಯಜಮಾನ ಊರಿಗೆ ಹೋದರೂ ಗೋಡೆಯ ಮೇಲಿನ ದರಪಟ್ಟಿ ಗಿರಾಕಿಗೆ ಉತ್ತರ ಕೊಡುವ ಹಾಗೆ.

ಲಕ್ಷ ಡೊಮೇನ್ ಸಾಕುವ ಹೋಸ್ಟಿಂಗ್ ಸಂಸ್ಥೆಗೆ ಇದು ಒಗ್ಗಲಿಲ್ಲ ಎಂಬುದೂ ನಿಜ. ಗ್ರಾಹಕ ವೆಬ್ ಪುಟದಲ್ಲಿ ಒಂದು ಬಟನ್ ಒತ್ತಿದಾಗಲೆಲ್ಲ ಫೈಲು ಬರೆದು, ಸೀರಿಯಲ್ ಏರಿಸಿ, ಸರ್ವರನ್ನು ಎಬ್ಬಿಸುವುದು ಯಾರಿಗೆ ಬೇಕು? 2000ದ ಆಸುಪಾಸಿನಲ್ಲಿ ನೆದರ್ಲೆಂಡ್ಸಿನ ಬರ್ಟ್ ಹ್ಯೂಬರ್ಟ್ ಪವರ್‌ಡಿಎನ್‌ಎಸ್ ತಂದಾಗ ಹೋಸ್ಟಿಂಗ್‌ನವರು ಅದನ್ನು ಬಾಚಿ ತಬ್ಬಿಕೊಂಡದ್ದು ಇದಕ್ಕೇ. ದಾಖಲೆಯೆಲ್ಲ ಮೈಎಸ್‌ಕ್ಯೂಎಲ್‌ನಲ್ಲಿ, ಸಾಲು ಬದಲಿಸಿದರೆ ಉತ್ತರ ಬದಲು. ಡೇಟಾಬೇಸನ್ನು ಎಸೆಯಿರಿ ಎಂದು ಉಪದೇಶ ಮಾಡುವವರು ಅಷ್ಟು ಡೊಮೇನ್ ನೋಡಿಕೊಂಡವರಲ್ಲ.

ತೊಂದರೆ ಡೇಟಾಬೇಸಿನಲ್ಲಿ ದಾಖಲೆ ಇಡುವುದರಲ್ಲಿಲ್ಲ. ಕೇಳಿದವನು ಕೇಳಿದಾಗಲೆಲ್ಲ ಅದೇ ಡೇಟಾಬೇಸಿಗೆ ಓಡಿ ಉತ್ತರ ತರುವುದರಲ್ಲಿದೆ. ಎಷ್ಟೋ ಕಡೆ ನಾನು ಕಂಡಿದ್ದೇನೆ: ಎನ್‌ಎಸ್1, ಎನ್‌ಎಸ್2 ಎಂದು ಎರಡು ನೇಮ್ ಸರ್ವರ್, ಎರಡರ ಹಿಂದೆಯೂ ಒಂದೇ ಡೇಟಾಬೇಸ್, ಕೆಲವೊಮ್ಮೆ ಒಂದೇ ರ‍್ಯಾಕ್. ನೇಮ್ ಸರ್ವರ್‌ಗಳು ಬೇರೆ ಬೇರೆ ಜಾಲದಲ್ಲಿ, ಬೇರೆ ಬೇರೆ ಊರಿನಲ್ಲಿ ಇರಲಿ ಎಂದು 1997ರ ಆರ್‌ಎಫ್‌ಸಿ 2182 ಹೇಳಿದ್ದು ಕಾಗದದ ಮೇಲೆ ಪಾಲನೆಯಾಗಿರುತ್ತದೆ. ಒಂದೇ ಬಾವಿಗೆ ಎರಡು ರಾಟೆ ಕಟ್ಟಿದರೆ ನೀರು ಎರಡಾಗುವುದಿಲ್ಲ.

ಈ ಬಾವಿಯನ್ನು ಬತ್ತಿಸುವ ದಾಳಿಯೊಂದು ಹತ್ತು ವರ್ಷಕ್ಕೂ ಹಿಂದಿನಿಂದ ಚಾಲ್ತಿಯಲ್ಲಿದೆ. ದಾಳಿಕೋರ ನಿಮ್ಮ ಡೊಮೇನಿನ ಮುಂದೆ ಅರ್ಥವಿಲ್ಲದ ಅಕ್ಷರ ಸೇರಿಸಿ, ಎಂದೂ ಇಲ್ಲದ ಹೆಸರುಗಳನ್ನು ಕೇಳುತ್ತ ಹೋಗುತ್ತಾನೆ. ಪ್ರತಿಯೊಂದೂ ಹೊಸ ಹೆಸರಾದ್ದರಿಂದ ಕ್ಯಾಶ್ ನಿಷ್ಪ್ರಯೋಜಕ. ಮೆಮೊರಿಯಿಂದ ಉತ್ತರಿಸುವ ಸರ್ವರ್ ‘ಇಲ್ಲ’ ಎಂದು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಹೇಳಬಲ್ಲದು. ಡೇಟಾಬೇಸ್ ನೆಚ್ಚಿದ್ದು ಹಾಗಲ್ಲ. ಈ ಹೆಸರು ಯಾವ ಝೋನಿನದು, ಹೆಸರು ಇದೆಯೇ, ಇಲ್ಲದಿದ್ದರೆ ನಕ್ಷತ್ರ ಚಿಹ್ನೆಯ ದಾಖಲೆಯಾದರೂ ಇದೆಯೇ ಎಂದು ಒಂದು ಪ್ರಶ್ನೆಗೆ ಹಲವು ಸಲ ಎಸ್‌ಕ್ಯೂಎಲ್ ಬಾಗಿಲು ತಟ್ಟುತ್ತದೆ. ಸೆಕೆಂಡಿಗೆ 10,000 ಸುಳ್ಳು ಹೆಸರು, ಒಂದಕ್ಕೆ 4 ಹುಡುಕಾಟ ಎಂದು ಹಿಡಿಯಿರಿ: 40,000. ನಮ್ಮಲ್ಲಿ ತಿಂಗಳ ಬಾಡಿಗೆಗೆ ಸಿಗುವ ಸಾಮಾನ್ಯ ಮೈಎಸ್‌ಕ್ಯೂಎಲ್ ಯಂತ್ರ ಇಷ್ಟಕ್ಕೆ ಮೊಣಕಾಲೂರುತ್ತದೆ. ಪೆಟ್ಟು ತಿನ್ನುವುದು ದಾಳಿಗೆ ಗುರಿಯಾದ ಡೊಮೇನ್ ಒಂದೇ ಅಲ್ಲ, ಅದೇ ಡೇಟಾಬೇಸಿನಲ್ಲಿ ನೀರು ಕುಡಿಯುವ ಅಷ್ಟೂ ಡೊಮೇನು. ಪವರ್‌ಡಿಎನ್‌ಎಸ್‌ನವರು ಇದಕ್ಕೆ ಕ್ಯಾಶ್, ಝೋನ್ ಪಟ್ಟಿಯನ್ನು ಮೆಮೊರಿಯಲ್ಲಿಡುವ ಉಪಾಯ ಎಲ್ಲ ಮಾಡಿದ್ದಾರೆ. ಅವು ಬರುವುದಕ್ಕೂ ಮುಂಚಿನ ಆವೃತ್ತಿಯನ್ನೇ ಓಡಿಸುತ್ತ ಕೂತವರ ಮಾತು ಬೇರೆ.

ದಾಳಿ ಒಂದು ಕಾರಣ. ಎರಡನೆಯದನ್ನು ಹತ್ತಿರದಿಂದ ನೋಡಿದ್ದೇನೆ. ಹೆಸರು ಬೇಡದ ಒಂದು ಹೋಸ್ಟಿಂಗ್ ಸಂಸ್ಥೆಯಲ್ಲಿ ದುಡಿಯುತ್ತಿದ್ದ ಕಾಲ. ಒಬ್ಬ ಗ್ರಾಹಕರ ಸರ್ವರ್ ಸ್ಥಳಾಂತರವಾಗಿ ಅವರ ಐಪಿ ವಿಳಾಸ ಬದಲಿಸಬೇಕಿತ್ತು. ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿ ನೇರವಾಗಿ ಡೇಟಾಬೇಸಿಗೆ ಹೋಗಿ ‘ಅಪ್‌ಡೇಟ್’ ಆಜ್ಞೆ ಟೈಪ್ ಮಾಡಿದರು. ಯಾವ ಡೊಮೇನು ಎಂದು ಹೇಳುವ ‘ವೇರ್’ ಭಾಗವನ್ನು ಮುಂದಿನ ಸಾಲಿನಲ್ಲಿ ಬರೆಯುವವರಿದ್ದರು. ಅದಕ್ಕೂ ಮುಂಚೆ ಅರ್ಧವಿರಾಮ, ಎಂಟರ್. ಪರದೆಯ ಮೇಲೆ ‘ಇಷ್ಟು ಸಾಲು ಬದಲಾಯಿತು’ ಎಂದು ಸಾವಿರಗಳಲ್ಲಿ ಅಂಕಿ ಬಂತು. ಇನ್ನೊಂದು ಊರಿನಲ್ಲಿದ್ದ ಪ್ರತಿಕೃತಿ ಡೇಟಾಬೇಸ್ ಆ ತಪ್ಪನ್ನು ಅದೇ ಸೆಕೆಂಡಿನಲ್ಲಿ ವಿಧೇಯವಾಗಿ ನಕಲು ಮಾಡಿಕೊಂಡಿತು. ಪ್ರತಿಕೃತಿ ಇರುವುದೇ ಅದಕ್ಕೆ ತಾನೆ.

ವಿಚಿತ್ರವೆಂದರೆ ಫೋನ್ ಬರಲಿಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಎಲ್ಲ ಶಾಂತ. ಹಳೆಯ ಉತ್ತರಗಳು ಊರೂರಿನ ಕ್ಯಾಶ್‌ಗಳಲ್ಲಿ ಇನ್ನೂ ಜೀವಂತ. ಒಂದೊಂದರ ಟಿಟಿಎಲ್, ಅಂದರೆ ಕ್ಯಾಶ್‌ನಲ್ಲಿ ಇರಬಹುದಾದ ಅವಧಿ, ಮುಗಿದಂತೆ ಒಬ್ಬೊಬ್ಬರೇ ಗ್ರಾಹಕರು ಎದ್ದರು. ಮೊದಲ ಕರೆ ಬಂದದ್ದು ಒಂದು ಬಟ್ಟೆ ಅಂಗಡಿಯವರಿಂದ: “ನಮ್ಮ ವೆಬ್‌ಸೈಟ್ ತೆಗೆದರೆ ಯಾವುದೋ ಆಸ್ಪತ್ರೆ ಬರ್ತಿದೆಯಲ್ರೀ.” ಬ್ಯಾಕಪ್ ಹಾಕಿ ಸರಿಪಡಿಸಿದ ಮೇಲೂ ಕರೆಗಳು ನಿಲ್ಲಲಿಲ್ಲ. ತಪ್ಪು ಉತ್ತರವೂ ಅಷ್ಟೇ ನಿಷ್ಠೆಯಿಂದ ಕ್ಯಾಶ್‌ನಲ್ಲಿ ಕೂತಿತ್ತು. ಡಿಎನ್‌ಎಸ್ ಹಾನಿಯ ಸ್ವಭಾವವೇ ಹೀಗೆ, ಏಟು ಬಿದ್ದಾಗ ನೋವಿಲ್ಲ, ಮದ್ದು ಹಚ್ಚಿದ ಮೇಲೂ ನೋವು. ಅದೇ ಬದಲಾವಣೆ ಪಠ್ಯ ಫೈಲುಗಳಲ್ಲಿ ಆಗಿದ್ದರೆ, ಹಳೇ ಆವೃತ್ತಿ–ಹೊಸ ಆವೃತ್ತಿ ಹೋಲಿಸಿದಾಗ ಸಾವಿರ ಸಾಲು ಕೆಂಪಗೆ ಕಾಣುತ್ತಿತ್ತು. ಎಷ್ಟೇ ನಿದ್ದೆಗಣ್ಣಿನವನಾದರೂ ಕೈ ತಡೆಯುತ್ತಿದ್ದ.

ಈಗ ತಾರೀಖಿನ ಮಾತು. ಬ್ರೌಸರಿನಲ್ಲಿ ಬೀಗದ ಚಿಹ್ನೆ ತೋರಿಸುವ ಪ್ರಮಾಣಪತ್ರಗಳ ನಿಯಮ ಮಾಡುವುದು ಸಿಎ/ಬ್ರೌಸರ್ ಫೋರಂ. 2025ರ ಏಪ್ರಿಲ್‌ನಲ್ಲಿ ಅದು ಒಂದು ನಿರ್ಣಯ ಅಂಗೀಕರಿಸಿತು. ಅಲ್ಲಿಯವರೆಗೆ 398 ದಿನವಿದ್ದ ಗರಿಷ್ಠ ಆಯುಷ್ಯ 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ. ಈ ಡೊಮೇನ್ ನಿನ್ನದೇ ಎಂದು ಒಮ್ಮೆ ಮಾಡಿದ ಪರಿಶೀಲನೆಯನ್ನು ಮತ್ತೆ ಬಳಸಬಹುದಾದ ಅವಧಿ ಇನ್ನೂ ಬಿಗಿ: 2029ಕ್ಕೆ ಬರೀ 10 ದಿನ. ಕಳುವಾದ ಕೀಲಿಯ ಆಯುಷ್ಯ ಕಡಿಮೆ ಮಾಡಲು ಇದು ಒಳ್ಳೆಯ ನಿಯಮವೇ. ಆದರೆ ಪರಿಶೀಲನೆಯ ಒಂದು ಮುಖ್ಯ ದಾರಿ ಡಿಎನ್‌ಎಸ್. ನಕ್ಷತ್ರ ಚಿಹ್ನೆಯ ಪ್ರಮಾಣಪತ್ರಕ್ಕಂತೂ ರೂಢಿಯ ದಾರಿ ಅದೇ. ಪ್ರತಿ ಸಲವೂ ಒಂದು ಟಿಎಕ್ಸ್‌ಟಿ ದಾಖಲೆ ಬರೆಯಬೇಕು, ಕೆಲಸ ಮುಗಿದ ಮೇಲೆ ಅಳಿಸಬೇಕು.

20,000 ಡೊಮೇನ್ ಇರುವ ಮಧ್ಯಮ ಗಾತ್ರದ ಸಂಸ್ಥೆ, ಎಲ್ಲವೂ ಈ ದಾರಿ ಹಿಡಿದಿವೆ ಅಂದುಕೊಳ್ಳಿ. ವರ್ಷಕ್ಕೊಂದು ಪರಿಶೀಲನೆಯಾದರೆ ದಿನಕ್ಕೆ 55 ಬದಲಾವಣೆ. 47 ದಿನಕ್ಕೊಂದಾದರೂ ದಿನಕ್ಕೆ 425ಕ್ಕೂ ಹೆಚ್ಚು ಸಲ ಬರೆಯಬೇಕು, ಅಷ್ಟೇ ಸಲ ಅಳಿಸಬೇಕು. ಇದನ್ನು ಮನುಷ್ಯ ಮಾಡಲಾರ, ಮಾಡಿದರೂ ಓದಿ ನೋಡಲಾರ. ಸ್ಕ್ರಿಪ್ಟುಗಳು ಮಾಡುತ್ತವೆ. ಅವುಗಳಿಗೆಲ್ಲ ಡಿಎನ್‌ಎಸ್ ಡೇಟಾಬೇಸಿಗೆ ಬರೆಯುವ ಅಧಿಕಾರದ ಎಪಿಐ ಟೋಕನ್ ಬೇಕು. ಆ ಟೋಕನ್ ಪ್ರತಿ ವೆಬ್ ಸರ್ವರಿನ ಒಂದು ಮೂಲೆಯಲ್ಲಿ ಬಿದ್ದಿರುತ್ತದೆ, ಹೆಚ್ಚಿನ ಕಡೆ ಒಂದು ಸಣ್ಣ ದಾಖಲೆಗಷ್ಟೇ ಅಲ್ಲದೆ ಇಡೀ ಝೋನಿಗೆ ಅಧಿಕಾರ ಕೊಡುವ ಟೋಕನ್. ಒಂದು ಹಳೇ ವರ್ಡ್‌ಪ್ರೆಸ್ ಪ್ಲಗಿನ್ ಒಡೆದು ಒಳಹೊಕ್ಕವನಿಗೆ ಆ ಸಂಸ್ಥೆಯ ಇಮೇಲ್ ಎಲ್ಲಿಗೆ ಹೋಗಬೇಕು ಎಂದು ನಿರ್ಧರಿಸುವ ಹಕ್ಕೂ ಸಿಕ್ಕಂತೆ. ಒಮ್ಮೆ ಬರೆದಿಟ್ಟ ದಾಖಲೆಯನ್ನೇ ಪದೇ ಪದೇ ಪರಿಶೀಲಿಸುವ ವಿಧಾನ ಬಳಕೆಗೆ ಬಂದಂತೆ ಈ ಒತ್ತಡ ಇಳಿದೀತು. ಬಂದ ಮೇಲೆ ಎಲ್ಲರೂ ಅದಕ್ಕೆ ಹೊರಳಲು ಎಷ್ಟು ವರ್ಷವೋ. ಸ್ಕ್ರಿಪ್ಟುಗಳಂತೂ ಈಗಲೇ ಓಡುತ್ತಿವೆ.

ಯಾರೂ ಓದದ ಬರವಣಿಗೆ ಏನು ಮಾಡಬಲ್ಲದು ಎನ್ನುವುದಕ್ಕೆ ಅಮೆಜಾನ್ ಪ್ರಸಂಗದ ಮರುತಿಂಗಳೇ ಇನ್ನೊಂದು ಸಾಕ್ಷಿ ಸಿಕ್ಕಿತು. 2025ರ ನವೆಂಬರ್ 18ರಂದು ಕ್ಲೌಡ್‌ಫ್ಲೇರ್ ಕುಸಿಯಿತು. ಅದು ಡಿಎನ್‌ಎಸ್ ಅಲ್ಲ, ಆದರೆ ಕಾಯಿಲೆ 1997ರದೇ. ಒಂದು ಡೇಟಾಬೇಸಿನ ಅನುಮತಿಗಳನ್ನು ಬದಲಿಸಿದರು. ಅದರಿಂದ ಒಂದೇ ಸಾಲು ಎರಡೆರಡು ಸಲ ಬರತೊಡಗಿತು. ಐದೈದು ನಿಮಿಷಕ್ಕೆ ಅದರಿಂದ ಹುಟ್ಟುತ್ತಿದ್ದ ಫೈಲು ದುಪ್ಪಟ್ಟು ಉದ್ದವಾಯಿತು. ಅದನ್ನು ಓದುವ ತಂತ್ರಾಂಶ ತನ್ನ ಮಿತಿ ಮೀರಿ ಸತ್ತಿತು. ಫೈಲಿನ ಗಾತ್ರ ಏಕಾಏಕಿ ದುಪ್ಪಟ್ಟಾಗಿದೆ ಎಂದು ಕೇಳುವ ಒಂದು ಸಾಲಿನ ತಪಾಸಣೆ ಬಾಗಿಲಲ್ಲಿ ಇರಲಿಲ್ಲ.

ಪಠ್ಯ ಫೈಲಿನ ಭಕ್ತರಿಗೂ ಒಂದು ಚುರುಕು ಮುಟ್ಟಿಸಬೇಕು. 2010ರ ಮೇ 12ರಂದು ಜರ್ಮನಿಯ ‘.ಡಿಇ’ ಸರ್ವರ್‌ಗಳಿಗೆ ಅರ್ಧಂಬರ್ಧ ನಕಲಾದ ಝೋನ್ ಹೋಯಿತು. ಲಕ್ಷಾಂತರ ಹೆಸರುಗಳಿಗೆ ‘ಅಂಥದ್ದು ಇಲ್ಲವೇ ಇಲ್ಲ’ ಎಂಬ ಉತ್ತರ. ‘ಈಗ ಗೊತ್ತಿಲ್ಲ’ ಅಂದಿದ್ದರೆ ಅಂಚೆ ಸರ್ವರ್‌ಗಳು ಕಾದು ಮತ್ತೆ ಕೇಳುತ್ತಿದ್ದವು. ‘ಇಲ್ಲ’ ಅಂದದ್ದಕ್ಕೆ ಇಮೇಲ್‌ಗಳನ್ನು ಕಳುಹಿಸಿದವರಿಗೇ ವಾಪಸ್ ಮಾಡಿದವು. ಅರ್ಧ ಫೈಲನ್ನು ಪೂರ್ತಿ ಫೈಲೆಂದು ನಂಬದಿರಲು ಇಡೀ ಝೋನಿಗೆ ಒಂದು ಮೊಹರು ಹಾಕುವ ಪದ್ಧತಿ 2021ರಲ್ಲಿ ಬಂತು: ಝೋನ್‌ಎಂಡಿ, ಆರ್‌ಎಫ್‌ಸಿ 8976. ಒಳ್ಳೆಯ ಮದ್ದು. 2023ರ ಸೆಪ್ಟೆಂಬರ್‌ನಲ್ಲಿ ರೂಟ್ ಝೋನಿಗೆ ಅದನ್ನು ಸೇರಿಸಿದರು. ಬಳಕೆದಾರರ ಪರವಾಗಿ ಹೆಸರು ಹುಡುಕಿಕೊಡುವ 1.1.1.1 ಎಂಬ ಜನಪ್ರಿಯ ರಿಸಾಲ್ವರ್‌ನ ತಂತ್ರಾಂಶಕ್ಕೆ ಆ ಹೊಸ ಸಾಲು ಓದಲು ಬರಲಿಲ್ಲ. ಅದು ಹೊಸ ಫೈಲನ್ನು ಪಕ್ಕಕ್ಕಿಟ್ಟು ಹಳೆಯದನ್ನೇ ಹೇಳುತ್ತ ಹೋಯಿತು, ಅಕ್ಟೋಬರ್ 4ರಂದು ಹಳೆಯ ಫೈಲಿನ ಸಹಿಗಳ ಅವಧಿ ಮುಗಿದು ಉತ್ತರಗಳು ಮುರಿಯುವವರೆಗೆ. ಹಳೆಯ ನಕಲು ಕಾಪಾಡುತ್ತದೆ, ಆದರೆ ಡಿಎನ್‌ಎಸ್‌ಸೆಕ್ ಸಹಿ ಇರುವಲ್ಲಿ ಅದಕ್ಕೂ ಒಂದು ಗಡುವುಂಟು. ನಕಲು ಎಷ್ಟು ಹಳತಾಯಿತು ಎಂದು ಕೂಗಿ ಹೇಳುವ ಗಂಟೆಯೊಂದು ಬೇಕೇ ಬೇಕು.

ದಾರಿ ಇಲ್ಲವೆಂದಲ್ಲ. ಡೇನಿಯಲ್ ಬರ್ನ್‌ಸ್ಟೈನ್ ತಮ್ಮ ಟೈನಿಡಿಎನ್‌ಎಸ್‌ನಲ್ಲಿ 2001ರ ಹೊತ್ತಿಗೇ ಮಾಡಿ ತೋರಿಸಿದ್ದರು: ಪಠ್ಯದಲ್ಲಿ ಬರೆ, ಅದನ್ನು ಬದಲಾಗದ ಪುಟ್ಟ ಡೇಟಾಬೇಸಾಗಿ ಅಚ್ಚು ಹಾಕು, ಅಚ್ಚು ಸರಿಬಂದರೆ ಮಾತ್ರ ಹಳೆಯದರ ಜಾಗಕ್ಕೆ ಒಂದೇ ಏಟಿಗೆ ಸರಿಸು. ಇಂದಿನ ಸಂಸ್ಥೆಗಳಿಗೆ ಇದರ ತಿರುವುಮುರುವು ಬೇಕು. ಡೇಟಾಬೇಸ್ ಒಳಮನೆಯಲ್ಲಿರಲಿ, ಹೊರಗಿನವರ ಕಣ್ಣಿಗೆ ಬೀಳದ ಮೂಲ ಸರ್ವರಿಗೆ ಮಾತ್ರ ಸಿಗಲಿ. ಜಗತ್ತಿಗೆ ಉತ್ತರ ಕೊಡುವ ಸರ್ವರ್‌ಗಳು ಬೇರೆ ಊರಿನಲ್ಲಿ, ಮೆಮೊರಿಯಲ್ಲಿ ಪೂರ್ತಿ ಝೋನ್ ಇಟ್ಟುಕೊಂಡು, ಹಳೆಯ ಕ್ರಮದಲ್ಲೇ ನಕಲು ಮಾಡಿಕೊಳ್ಳಲಿ. ಹೊಸ ಡೊಮೇನ್ ಸೇರಿದಾಗ ಅವುಗಳಿಗೆ ತಾನಾಗಿ ತಿಳಿಸುವ ಕ್ಯಾಟಲಾಗ್ ಝೋನ್ ಎಂಬ ಮಾನಕ 2023ರಲ್ಲೇ ಬಂದಿರುವುದರಿಂದ ಕೈಕೆಲಸದ ನೆಪವೂ ಉಳಿದಿಲ್ಲ. ನಡುವಿನ ಹೊಸ್ತಿಲಲ್ಲಿ ಒಬ್ಬ ಒರಟ ಕಾವಲುಗಾರ ನಿಲ್ಲಲಿ: ನಿನ್ನೆಗಿಂತ ನೂರಕ್ಕೆ ಐದರಷ್ಟು ಸಾಲು ಕಡಿಮೆಯಾದರೂ ತಡೆ, ಒಂದೇ ಗಂಟೆಯಲ್ಲಿ ಇಷ್ಟು ಡೊಮೇನ್ ಬದಲಾದರೂ ತಡೆ. ಪ್ರಮಾಣಪತ್ರದ ದಾಖಲೆಗೆ ಮಾತ್ರ ಬೇರೆ ಝೋನ್ ಮಾಡಿ, ಒಂದು ಹೆಸರನ್ನು ಇನ್ನೊಂದಕ್ಕೆ ಜೋಡಿಸುವ ಸಿನೇಮ್ ದಾಖಲೆಯ ಮೂಲಕ ಅತ್ತ ತೋರಿಸಿದರೆ ಟೋಕನ್ ಕಳುವಾದರೂ ಮುಖ್ಯ ಝೋನ್ ಉಳಿಯುತ್ತದೆ. ಇದ್ಯಾವುದಕ್ಕೂ ದುಡ್ಡು ಬೇಕಿಲ್ಲ. ಒಂದು ವಾರದ ಕೆಲಸ, ಜೊತೆಗೆ ಆ ಕಾವಲುಗಾರ ಸುಳ್ಳು ಎಚ್ಚರಿಕೆ ಕೊಟ್ಟಾಗಲೂ ಬೈಯದಿರುವ ತಾಳ್ಮೆ.

ನಿಮ್ಮ ಸಂಸ್ಥೆಗೆ, ಅಂಗಡಿಗೆ, ಶಾಲೆಗೆ ಒಂದು ಡೊಮೇನ್ ಇದ್ದರೆ ಹೋಸ್ಟಿಂಗ್‌ನವರಿಗೆ ಈ ವಾರವೇ ಫೋನ್ ಮಾಡಿ. ತಾಂತ್ರಿಕ ಮಾತು ಬೇಡ. “ನಿಮ್ಮ ಡೇಟಾಬೇಸ್ ನಿಂತುಹೋದರೆ ನಮ್ಮ ಹೆಸರು ಎಷ್ಟು ಹೊತ್ತು ಬದುಕಿರುತ್ತದೆ?” ಎಂದಷ್ಟೇ ಕೇಳಿ. ‘ಎರಡು ವಾರ’ ಎಂದರೆ ನೆಮ್ಮದಿಯಾಗಿ ಫೋನಿಡಿ. ‘ಅದು ನಿಲ್ಲುವುದಿಲ್ಲ, ಪ್ರತಿಕೃತಿ ಇದೆ’ ಎಂದರೆ ಬೇರೆಯವರನ್ನು ಹುಡುಕಿಕೊಳ್ಳಿ.